ತಲೆನೋವು ಎಂದ ಫೋನು

ನನ್ನ ಆಪಾಗೆ, ಅಂದರೆ ಅಕ್ಕನಿಗೆ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಶಾಲೆಗೂ ಹೋದವಳಲ್ಲ. ಅಜ್ಜಂಪುರದ ಮನೆಯಲ್ಲಿ ಎಲ್ಲರೂ ದಖನಿ ಉರ್ದು ಆಡುತ್ತಿದ್ದಾಗ ನಾವಿಬ್ಬರು ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡೆವು. ಅಂಗಡಿ, ಬಸ್ಸು, ಆಸ್ಪತ್ರೆ, ಎಲ್ಲ ಕಡೆಯೂ ಅವಳಿಗೆ ನಾನೇ ಬಾಯಿ.

ಕೆಲವು ತಿಂಗಳಿಂದ ಅವಳು ಸೊರಗುತ್ತಿದ್ದಳು. ಡಾಕ್ಟರ ಮುಂದೆ ಕೂತಾಗಲೆಲ್ಲ ನನ್ನ ಕಡೆ ನೋಡಿ ಹಣೆ ಮುಟ್ಟಿಕೊಳ್ಳುವಳು. ಅವರು ತಲೆನೋವಿನ ಮಾತ್ರೆ ಬರೆದುಕೊಡುವರು. ತಮ್ಮನ ಬಾಯಿಂದ ಹೇಳಿಸಲಾಗದ ಬೇರೆ ನೋವು ಇದೆಯೆಂದು ನನಗೆ ಆಗಲೇ ಗೊತ್ತಿತ್ತೋ, ಬರೆಯುವ ಈ ಹೊತ್ತಿಗೆ ಗೊತ್ತಾಗುತ್ತಿದೆಯೋ, ಖಚಿತವಿಲ್ಲ.

ಸಮಾಜಕ್ಕೆ ನೆರವಾಗುವ ಕೃತಕ ಬುದ್ಧಿಮತ್ತೆಗೆಂದು ಸರ್ಕಾರದ ದುಡ್ಡಿನಲ್ಲಿ ಸ್ಪರ್ಧೆ ಏರ್ಪಟ್ಟಿತ್ತು. ಅದರಲ್ಲಿ ಸ್ಪರ್ಧಿಸುತ್ತಿದ್ದ ಒಂದು ತಂಡ ಮನೆಗೆ ಬಂದು ಆಪಾಳ ಕೈಗಳ ವಿಡಿಯೋ ಮಾಡಿಕೊಂಡಿತು.

"ಇನ್ಮೇಲೆ ನಿಮ್ಮ ಅಗತ್ಯಾನೇ ಇರಲ್ಲ ಸಾರ್. ಅಕ್ಕ ಕೈ ಆಡಿಸ್ತಾರೆ, ಫೋನ್ ಮಾತಾಡುತ್ತೆ" ಎಂದ ತಂಡದ ಮುಖ್ಯಸ್ಥ.

ಅದನ್ನು ಅವಳಿಗೆ ಕೈಯಲ್ಲಿ ತಿಳಿಸಿದೆ. ಆಪಾ ಮತ್ತೆ ಮತ್ತೆ ಕೇಳಿದಳು: ನೀನು ಬಾಗಿಲ ಹೊರಗಿದ್ದರೂ ಅದು ಮಾತಾಡುತ್ತಾ?

ಸ್ಪರ್ಧೆಯ ದಿನ ಕಡೂರಿನ ಸಭಾಂಗಣದಲ್ಲಿ ತೀರ್ಪುಗಾರರ ಪೈಕಿ ಒಬ್ಬರು ಹೆಂಗಸರ ಡಾಕ್ಟರು. ಅವರು ಯಾರೆಂದು ಆಪಾಗೆ ನಾನೇ ತೋರಿಸಿದ್ದೆ. ವೇದಿಕೆಯಲ್ಲಿ ಹಣೆ ಮುಟ್ಟಿಕೊಂಡರೆ ಸಾಕೆಂದು ತಂಡದವರು ಹೇಳಿಕೊಟ್ಟಿದ್ದರು. ಅವಳು ಹಣೆ ಮುಟ್ಟಲಿಲ್ಲ. ಡಾಕ್ಟರ ಕಡೆ ತಿರುಗಿ ಹೊಕ್ಕುಳ ಕೆಳಗೆ ಅಂಗೈ ಒತ್ತಿದಳು, ಮುಷ್ಟಿ ತಿರುಚಿದಳು, ರಕ್ತ ಸುರಿಯುವಂತೆ ಬೆರಳುಗಳನ್ನು ಕೆಳಗಿಳಿಸಿದಳು. ನನ್ನ ಮುಂದೆ ಎಂದೂ ಆಡದ ಮಾತು. ಫೋನಿಗೆಂದೇ ಇಟ್ಟುಕೊಂಡಿದ್ದಳು.

ಫೋನು ಹೆಣ್ಣುದನಿಯಲ್ಲಿ ಹೇಳಿತು: "ನನಗೆ ತಲೆನೋವಾಗುತ್ತಿದೆ."

ಚಪ್ಪಾಳೆ. ಡಾಕ್ಟರೂ ತಟ್ಟಿದರು. ತನ್ನ ಮಾತು ಮುಟ್ಟಿತೆಂದು ಆಪಾ ನಕ್ಕಳು.

ಆ ಕ್ಷಣವೇ ನಾನು ಕೂಗಿದೆ ಎಂದು ಬರೆಯುವ ಆಸೆಯಿದೆ. ಮೊದಲು ಬರೀ ಎದ್ದು ನಿಂತಿರಬೇಕು. ಕೂಗಿದ್ದು ಆಮೇಲೆ, ಮುಖ್ಯಸ್ಥನ ಮುಖಕ್ಕೆ: "ಅವ್ಳು ಹಂಗೆ ಹೇಳ್ಲಿಲ್ಲ ಕಣ್ರೀ!"

"ಮೆತ್ತಗೆ ಸಾರ್. ಡೆಮೋಗೆ ಅದೊಂದೇ ಮಾತು ಹಾಕಿರೋದು. ಕೈ ಹೆಂಗಾಡಿಸಿದ್ರೂ ಅದೇ ಬರುತ್ತೆ."

"ನಾಚ್ಕೆ ಆಗಲ್ವೇನಪ್ಪಾ?"

"ಗ್ರಾಂಟ್ ಬರ್ಲಿ, ಆಮೇಲೆ ನಿಜವಾಗ್ಲೂ ಕಲಿಸ್ತೀವಿ ಬಿಡಿ."

ಮೊದಲ ಬಹುಮಾನ ಅವರಿಗೇ. ಮಾತು ಬಾರದವರಿಗೆ ಇವತ್ತು ದನಿ ಬಂತು ಎಂದು ಮೈಕಿನಲ್ಲಿ ಯಾರೋ ಸಾರಿದರು. ಕೇಳಿಸಿಕೊಂಡವರು ಯಾರು ಸ್ವಾಮಿ? ಕಿವಿಯಿದ್ದ ಅಷ್ಟೂ ಜನ ತಲೆನೋವಿಗೆ ಚಪ್ಪಾಳೆ ತಟ್ಟಿ ಕೂತಿದ್ದರು.

ಆಪಾ ಇಳಿದು ಬಂದು, ಡಾಕ್ಟರು ಏನಂದರು ಎಂದು ಕೈಯಲ್ಲಿ ಕೇಳಿದಳು. ನಾನು ಫೋನು ತೋರಿಸಿ, ನನ್ನ ಹಣೆ ಮುಟ್ಟಿಕೊಂಡೆ.

ಅವಳು ಅಳಲಿಲ್ಲ. ನೇರ ತೀರ್ಪುಗಾರರ ಮೇಜಿಗೆ ಹೋಗಿ ಡಾಕ್ಟರ ಮಣಿಕಟ್ಟು ಹಿಡಿದಳು. ಅವರು ಗಾಬರಿಯಾಗಿ ನನ್ನತ್ತ ನೋಡಿದರು. "ಏನಂತ್ರೀ ಇವರಿಗೆ? ನೀವು ಬಂದು ಹೇಳಿ."

ನಾನು ಮುಂದೆ ಬಂದೆ. ಆಪಾ ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಳು.

"ನಾನು ಬರಂಗಿಲ್ಲ ಮೇಡಂ. ತಲೆನೋವಂತೂ ಅಲ್ಲ. ಅವಳ ಕೈ ನೋಡಿ, ನೀವೇ ಕೇಳ್ಕಳಿ."

ಅವಳು ಅವರನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಗೆದ್ದೋರ ಫೋಟೋ! ಆ ಮೂಕಮ್ಮನ್ನ ಕರೀರಿ ಬೇಗ" ಎನ್ನುತ್ತ ಫೋಟೋದವನು ಓಡಿಬಂದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಬರಲ್ಲ, ಹೋಗ್ರಿ."

"ಒಂದ್ನಿಮಿಷ ಸಾರ್, ಮಿನಿಸ್ಟ್ರು ಕಾಯ್ತಾವ್ರೆ."

"ಕಾಯ್ಲಿ. ಅವ್ಳು ಮಾತಾಡ್ತಾವ್ಳೆ."