ಎಂಟು ಇಪ್ಪತ್ತೆರಡು

ನನ್ನ ಮನೆ ಶಿಕಾರಿಪುರದಲ್ಲಿ, ನರ್ಸ್ ಕೆಲಸ ಸೊರಬದಲ್ಲಿ. ಜೊತೆಗೆ ಕೆಲಸ ಮಾಡುವ ಹಿರಿಯ ಸಿಸ್ಟರ್ ಒಬ್ಬರ ಕಾರಿನಲ್ಲಿ ದಿನಾ ಹೋಗಿಬರುತ್ತೇನೆ. ಅವರನ್ನು ಅಕ್ಕ ಎನ್ನುತ್ತೇನೆ. ಹಿಂದಿನ ಸೀಟಿನಲ್ಲಿ ಒಂದು ನೀಲಿ ಡಬ್ಬ. ದಾರಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಬೇಕಾಗುವ ಸಾಮಾನು ಅದರಲ್ಲಿರುತ್ತದೆ. ಪ್ರತಿ ಸೋಮವಾರ ಅದನ್ನು ಎಣಿಸಿ ಡೈರಿಯಲ್ಲಿ ಬರೆಯುವುದು ನನ್ನ ಪಾಲು. "ತೆಗಿಯಮ್ಮ ಶಾನುಭೋಗರ ದಫ್ತರ" ಎಂದು ಅಕ್ಕ ಛೇಡಿಸುವುದೂ ಪ್ರತಿ ಸೋಮವಾರವೇ.

ಆ ಸೋಮವಾರದ ಎಣಿಕೆ: ಗಾಜ್ ಬಟ್ಟೆಯ ಪ್ಯಾಕೆಟ್ ಹನ್ನೆರಡು, ಬ್ಯಾಂಡೇಜ್ ಎಂಟು, ಗ್ಲೌಸ್ ಹತ್ತು ಜೊತೆ, ರಕ್ತ ನಿಲ್ಲಿಸುವ ಬಿಗಿಪಟ್ಟಿ ಒಂದು.

ತಾಳಗುಂದದ ಹತ್ತಿರ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಬೈಕೊಂದು ಕಾಳಿನ ಮೇಲೆ ಜಾರಿ, ಅಂಚಿಗೆ ಅಡ್ಡ ನಿಲ್ಲಿಸಿದ್ದ ತಗಡಿಗೆ ಬಡಿದಿತ್ತು. ಓಡಿಸುತ್ತಿದ್ದವರ ಮೊಣಕಾಲ ಕೆಳಗೆ ಸೀಳಿ ರಕ್ತ ಚಿಮ್ಮುತ್ತಿತ್ತು. ಅವರ ಹೆಂಡತಿಗೆ ಏನೂ ಆಗಿರಲಿಲ್ಲ. ಜೋಳದವನು ಅವರಿಗೆ ಹೇಳುತ್ತಿದ್ದ: "ಎಲ್ಲಾರೂ ಇಲ್ಲೇ ಒಣಗಿಸ್ತಾರ್ರೀ, ನಾನೊಬ್ನೇ ಅಲ್ಲ."

"ಒಣಗಿಸ್ರಿ! ನಮ್ಮನೆಯವರ ಕಾಲು ಹೋದ್ರೆ ಅದನ್ನೂ ಪಕ್ಕದಲ್ಲೇ ಹರವ್ರಿ!"

ನಾನು ಗಾಜ್ ಒತ್ತಿದೆ. ಆರು ಪ್ಯಾಕೆಟ್ ತೊಯ್ದರೂ ರಕ್ತ ನಿಲ್ಲಲಿಲ್ಲ. ಅಕ್ಕ ತೊಡೆಗೆ ಪಟ್ಟಿ ಹಾಕಿ ತಿರುವಿ ಬಿಗಿದರು. ಆ ಮನುಷ್ಯ ಅರಚಿದ, ರಕ್ತ ನಿಂತಿತು. "ಟೈಮ್ ಬರಿ" ಎಂದರು ಅಕ್ಕ. ನಾನು ಬರೆದೆ: 8:22.

"ಕಾಲು ಉಳಿತೈತಾ ಸಿಸ್ಟರ್? ಹೊಲಿಗೆ ಮಿಷಿನ್ ತುಳಿಯೋ ಕಾಲು ಅದು" ಎಂದರು ಹೆಂಡತಿ.

ಆಂಬುಲೆನ್ಸ್ ಬಂದು ಇಬ್ಬರನ್ನೂ ಶಿಕಾರಿಪುರದ ಕಡೆ ಕರೆದೊಯ್ದಿತು. ನಾವು ಸೊರಬದ ಕಡೆ ಹೊರಟೆವು. ಶಿರಾಳಕೊಪ್ಪ ದಾಟಿದ ಮೇಲೆ ಗಾಜ್ ಪ್ಯಾಕೆಟ್ ಲೆಕ್ಕ ಕಳೆಯಲು ಡೈರಿ ತೆರೆದೆ. ಪುಟದ ಮೇಲೆ 8:22 ಇತ್ತು. "ಅಕ್ಕಾ, ಟೈಮು ನನ್ನ ಹತ್ರಾನೇ ಉಳ್ಕೊಂಡಿದೆ!" ಎಂದೆ.

ಪಟ್ಟಿಯನ್ನು ಎರಡು ಗಂಟೆಯೊಳಗೆ ಬಿಚ್ಚದಿದ್ದರೆ ಕಾಲಿಗೇ ಅಪಾಯ. ಅದಕ್ಕೇ ಬಿಗಿದ ಸಮಯವನ್ನು ಪೆಟ್ಟಾದವರ ಮೈಮೇಲೆ ಬರೆಯಬೇಕು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು ನನ್ನ ಜೊತೆಗೇ ತಂದಿದ್ದೆ.

"ಅವರ ನಂಬರ್?"

"ತಗೊಂಡಿಲ್ಲಕ್ಕ."

"ಕಾಳು ಬಿದ್ರೂ ಬರ್ಕೊಳ್ತೀಯಲ್ಲೇ!" ಎನ್ನುತ್ತಲೇ ಅಕ್ಕ ಕಾರು ತಿರುಗಿಸಿದ್ದರು.

ಶಿಕಾರಿಪುರದ ಆಸ್ಪತ್ರೆಯ ಫೋನು ಎಂಗೇಜ್ ಬರುತ್ತಿತ್ತು. ದಾರಿಯುದ್ದಕ್ಕೂ ಟ್ರಾಕ್ಟರುಗಳು. ನಾನು ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಒಂಬತ್ತೂ ಇಪ್ಪತ್ತಾರಕ್ಕೆ ಆಸ್ಪತ್ರೆಯೊಳಗೆ ಓಡಿದಾಗ ಅವರನ್ನು ಶಿವಮೊಗ್ಗಕ್ಕೆ ಕಳಿಸಲು ಸ್ಟ್ರೆಚರ್ ಹೊರಗೆ ಬರುತ್ತಿತ್ತು.

"ಪಟ್ಟಿ ಬಿಗಿದಿದ್ದು ಎಂಟು ಇಪ್ಪತ್ತೆರಡಕ್ಕೆ ಡಾಕ್ಟ್ರೇ!"

ಡಾಕ್ಟರ್ ಹೆಂಡತಿಯ ಕಡೆ ತಿರುಗಿದರು. "ಈಗ ತಾನೇ ಅಂದ್ರಲ್ಲಮ್ಮಾ?"

"ನನಗೆ ಗಡಿಯಾರ ನೋಡೋ ಜೀವ ಎಲ್ಲಿತ್ರೀ?"

ಒಂದು ಗಂಟೆ ನಾಲ್ಕು ನಿಮಿಷ ಕಳೆದಿತ್ತು. ಶಿವಮೊಗ್ಗ ಇನ್ನೂ ಒಂದು ಗಂಟೆಗೂ ಮೇಲಿನ ದಾರಿ. ಡಾಕ್ಟರ್ ಸ್ಟ್ರೆಚರನ್ನು ಒಳಗೆ ತಿರುಗಿಸಿದರು. ಗಾಯಕ್ಕೆ ಗಾಜ್ ತುಂಬಿ ಬಲವಾಗಿ ಕಟ್ಟಿದರು, ಆಮೇಲೆ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಒಂಬತ್ತೂ ನಲವತ್ತಕ್ಕೆ ಪೂರ್ತಿ ಬಿಚ್ಚಿದರು. ಕಟ್ಟಿನ ಮೇಲೆ ಕೆಂಪು ಕಲೆಯೊಂದು ಹುಟ್ಟಿ, ರೂಪಾಯಿಯಷ್ಟಗಲವಾಗಿ, ಅಲ್ಲಿಗೇ ನಿಂತಿತು.

ನಾನು ಪೆಟ್ಟಾದ ಕಾಲಿನ ಪಾದ ಹಿಡಿದುಕೊಂಡೇ ಇದ್ದೆ. ಒಂಬತ್ತೂ ನಲವತ್ತೇಳಕ್ಕೆ ಹೆಬ್ಬೆರಳು ಬೆಚ್ಚಗಾಯಿತು. ಜೇಬಿನಿಂದ ಪೆನ್ನು ತೆಗೆದೆ. ಈ ಸಲ ಮೊದಲು ಬರೆದದ್ದು ಅವರ ತೊಡೆಯ ಮೇಲೆ: ಬಿಗಿದದ್ದು 8:22, ಬಿಚ್ಚಿದ್ದು 9:40.

"ಕಚಗುಳಿ ಆಗ್ತೈತಿ ಸಿಸ್ಟರ್" ಎಂದರು ಅವರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.