ನನ್ನ ಕೈಯಿಂದ ಹಾಕಿದ ಐದು ಇಂಜೆಕ್ಷನ್

ಬೆಳಿಗ್ಗೆ ಹಾಲು ಕರೆಯುತ್ತಿದ್ದ ನನ್ನ ಹೆಂಡತಿ ರತ್ನ ಎಡಗೈ ಕೊಡವಿಕೊಂಡು ಎದ್ದು ನಿಂತಳು. ತೋಳಿನ ಮೇಲ್ಭಾಗದಲ್ಲಿ ಅಡಿಕೆ ಗಾತ್ರದ ಗಂಟು. ಕೆಂಪಗಿತ್ತು, ಮುಟ್ಟಿದರೆ ಬಿಸಿ. "ಏನೋ ಕುರ ಎದ್ದೈತೆ ಬಿಡ್ರೀ," ಎಂದು ಮತ್ತೆ ಕೂತಳು. ನಾನೂ ಹೂಂ ಎಂದೆ. ಆದರೆ ಗಂಟು ಎದ್ದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು.

ತಿಂಗಳ ಹಿಂದೆ ಅಲ್ಲಿಗೆ ಸೂಜಿ ಚುಚ್ಚಿದ್ದವನು ನಾನೇ.

ನಾನು ಡಾಕ್ಟರಲ್ಲ. ನಂದಗುಡಿ ಹತ್ತಿರದ ನಮ್ಮೂರಿನ ಹಾಲಿನ ಡೈರಿಯಲ್ಲಿ ದನಗಳಿಗೆ ಪ್ರಥಮ ಚಿಕಿತ್ಸೆ ಮಾಡುವವನು. ಕೆಲವು ದಿನಗಳ ತರಬೇತಿ, ಒಂದು ಬ್ಯಾಗು, ಸೂಜಿ ಇಡಲು ಒಂದು ಸ್ಟೀಲ್ ಡಬ್ಬಿ, ಅಷ್ಟೇ ನನ್ನ ಬಂಡವಾಳ. ಊರಿನವರು ತಮಾಷೆಗೆ 'ಡಾಕ್ಟ್ರೇ' ಎನ್ನುತ್ತಿದ್ದರು. ವರ್ಷಗಟ್ಟಲೆ ಕೇಳಿ ಕೇಳಿ ಅದು ತಮಾಷೆ ಎನ್ನುವುದನ್ನೇ ಮರೆತುಬಿಟ್ಟಿದ್ದೆ. ಸುಸ್ತು, ಕೈಕಾಲು ಸೆಳೆತ ಎಂದು ಬಂದ ಮನುಷ್ಯರಿಗೂ ಬಿ-ಕಾಂಪ್ಲೆಕ್ಸ್ ಹಾಕುವ ಮಟ್ಟಕ್ಕೆ ಬೆಳೆದಿದ್ದೆ. ಕ್ಲಿನಿಕ್ಕಿನವರು ರತ್ನನಿಗೂ ಸುಸ್ತಿಗೆಂದು ಅದೇ ಔಷಧಿಯ ಐದು ಇಂಜೆಕ್ಷನ್ ಬರೆದುಕೊಟ್ಟಾಗ, ದಿನ ಬಿಟ್ಟು ದಿನ ಬಸ್ಸಿಗೆ ಯಾಕೆ ಕಾಯುತ್ತೀಯ, ನಾನಿಲ್ಲವೇ ಎಂದೆ.

ಸಿರಿಂಜು ಹೊಸದೇ. ಅದನ್ನೇ ಹೇಳಿಕೊಂಡು ಎಷ್ಟೋ ದಿನ ಸಮಾಧಾನ ಪಟ್ಟೆ. ಆದರೆ ಔಷಧಿ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಒಂದು ದಪ್ಪ ಸೂಜಿ ಚುಚ್ಚಿ ಹಾಗೇ ಬಿಡುವುದು ನನ್ನ ಅಭ್ಯಾಸ. ದನದ ಔಷಧಿಗೂ ಹಾಗೆ, ಮನುಷ್ಯರ ಔಷಧಿಗೂ ಹಾಗೆ. ಪ್ರತಿ ಸಲ ಸಲೀಸಾಗಿ ಎಳೆದುಕೊಳ್ಳಬಹುದು. ಬಾಟಲಿ ಮುಗಿದ ಮೇಲೆ ಆ ಸೂಜಿಯನ್ನು ಕೊಟ್ಟಿಗೆ ಪಕ್ಕದ ನೀಲಿ ಡ್ರಮ್ಮಿನ ನೀರಿನಲ್ಲಿ ಜಾಲಿಸಿ ಡಬ್ಬಿಗೆ ಹಾಕುತ್ತಿದ್ದೆ, ಮುಂದಿನ ಬಾಟಲಿಗೆ ಅದೇ. ಕುದಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಕುದಿಸುತ್ತಲೂ ಇದ್ದೆ, ಮೊದಲ ಒಂದು ವರ್ಷ.

ಗಂಟು ಒಡೆದು ಕೀವು ಸೋರತೊಡಗಿದಾಗ ಹೊಸಕೋಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತೋಳು ಒತ್ತಿ ನೋಡಿ, "ಈ ಜಾಗಕ್ಕೆ ಇಂಜೆಕ್ಷನ್ ಏನಾದ್ರೂ ತಗೊಂಡಿದ್ರಾಮ್ಮ?" ಎಂದು ಕೇಳಿದರು. ರತ್ನ ನನ್ನ ಮುಖ ನೋಡಿದಳು.

"ಇಲ್ಲ ಸಾರ್," ಎಂದೆ ನಾನು.

ಅವಳು ತಲೆ ತಗ್ಗಿಸಿದಳು. ನಾಲ್ಕು ಜನರ ಮುಂದೆ ಗಂಡನ ಮರ್ಯಾದೆ ಕಳೆಯಬಾರದು ಎಂದು ಸುಮ್ಮನಿದ್ದಳು ಎಂಬುದು ಆಗಲೇ ನನಗೆ ಗೊತ್ತಾಗಿತ್ತು. ಅಷ್ಟು ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಕೀವು ಪರೀಕ್ಷೆಗೆ ಹೋಯಿತು. ಎಎಫ್‌ಬಿ ಪಾಸಿಟಿವ್, ಅಂದರೆ ಟಿಬಿ ಜಾತಿಯ ಕ್ರಿಮಿ ಇದೆ ಎಂದು ಬಂತು. ಟಿಬಿ ಇರಬೇಕು ಎಂದು ಮಾತ್ರೆ ಶುರು ಮಾಡಿದರು. ಮೂರು ತಿಂಗಳು ಅವಳು ಆ ಮಾತ್ರೆ ನುಂಗಿದಳು. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ವಾಂತಿ. ಮುದ್ದೆ ಕಂಡರೆ ಮುಖ ತಿರುಗಿಸುವಳು. ಗಾಯದ ಟಿಬಿ ಹಾಗೆಲ್ಲ ಹರಡುವುದಿಲ್ಲ ಎಂದು ನರ್ಸ್ ಹೇಳಿದ್ದರೂ ಅವಳ ತಟ್ಟೆ ಲೋಟ ಬೇರೆ ಇಟ್ಟವನು ನಾನು. ಅವಳ ಅತ್ತೆಯೂ ಅಲ್ಲ, ನೆರೆಯವರೂ ಅಲ್ಲ. ಕಾಯಿಲೆ ಕೊಟ್ಟವನೇ ಕಾಯಿಲೆಗೆ ಹೆದರಿ ತಟ್ಟೆ ಬೇರೆ ಮಾಡಿದ. ಈಗಲೂ ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಗಾಯ ಮಾಯಲಿಲ್ಲ. ಅದರ ಕೆಳಗೆ ಇನ್ನೆರಡು ಗಂಟು ಎದ್ದವು.

ಅದೇ ಹೊತ್ತಿಗೆ ನಮ್ಮ ಸೀಮೆಹಸು ಕೆಂಪಿಯ ಕುತ್ತಿಗೆಯಲ್ಲೂ, ನಾನು ಸೂಜಿ ಹಾಕಿದ್ದ ಜಾಗದಲ್ಲೇ, ಒಂದು ಗಂಟು ಒಡೆಯಿತು. ನೋಡಲು ಬಂದ ಪಶುವೈದ್ಯರು ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ಫೋನ್ ಮಾಡದೆ ಖುದ್ದಾಗಿ ಬಂದರು. "ಇದು ಟಿಬಿ ಅಲ್ಲ ಕಣಯ್ಯ. ಟಿಬಿ ಕ್ರಿಮಿಯ ದಾಯಾದಿ ಅಂತ ಇಟ್ಕೋ. ಮಣ್ಣಲ್ಲಿ, ನೀರಲ್ಲಿ ಇರ್ತದೆ. ಸೂಜಿ ಎಲ್ಲಿ ತೊಳೀತೀಯ ನೀನು?"

ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ. ಅವರು ಒಳಗೆ ಬೆರಳಾಡಿಸಿ, ಗೋಡೆಗೆ ಹಿಡಿದಿದ್ದ ಪಾಚಿಯ ಲೋಳೆ ತೋರಿಸಿದರು. ಮನೆಯಲ್ಲಿ ರತ್ನ ಕೆಮ್ಮುತ್ತಾ ವಾಂತಿ ಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು.

ಮರುದಿನ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಫೈಲ್ ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಐದು ಇಂಜೆಕ್ಷನ್, ಬಾಟಲಿಗೆ ಚುಚ್ಚಿಟ್ಟ ಸೂಜಿ, ಡ್ರಮ್ಮಿನ ನೀರು, ಹೊಸಕೋಟೆಯಲ್ಲಿ ಹೇಳಿದ ಸುಳ್ಳು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬರೆದುಕೊಳ್ಳುತ್ತಾ ಹೋದರು. ಕೊನೆಗೆ ತಲೆ ಎತ್ತಿ, "ಇದನ್ನ ಮೊದಲ ದಿನವೇ ಹೇಳಿದ್ರೆ ಇವರಿಗೆ ಇಷ್ಟು ಮಾತ್ರೆ ಬೀಳ್ತಿರಲಿಲ್ಲ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೀವಿನ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಹೆಸರು ಬಂತು: ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಟಿಬಿ ಮಾತ್ರೆಗೆ ಅದು ಜಗ್ಗುವುದೇ ಇಲ್ಲವಂತೆ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲವಂತೆ. ಹಸುವಿನ ಗಂಟಿನಲ್ಲಿದ್ದದ್ದು ಇದೇ ಕ್ರಿಮಿಯೋ ಇದರ ಸೋದರನೋ, ಮತ್ತೆ ಪರೀಕ್ಷಿಸದೆ ಹೇಳಲಾಗದು ಎಂದರು ಡಾಕ್ಟರಮ್ಮ. ನನಗೆ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ.

ಆಪರೇಷನ್ ಮಾಡಿ ಕೊಳೆತ ಮಾಂಸ ತೆಗೆದರು. ತೋಳಿನಲ್ಲಿ ಒಂದು ಗುಳಿಯೇ ಬಿತ್ತು. ಆಮೇಲೆ ವಾರಗಟ್ಟಲೆ ರಕ್ತನಾಳಕ್ಕೆ ಅಮಿಕಾಸಿನ್ ಎಂಬ ಇಂಜೆಕ್ಷನ್, ಜೊತೆಗೆ ತಿಂಗಳುಗಟ್ಟಲೆ ಮಾತ್ರೆ. ಆ ಇಂಜೆಕ್ಷನ್ ಕಿವಿಗೆ ತೊಂದರೆ ಕೊಡಬಹುದು ಎಂದು ಆಗಾಗ ಕಿವಿ ಪರೀಕ್ಷೆ ಮಾಡುತ್ತಿದ್ದರು. ಅವಳನ್ನು ಪರೀಕ್ಷೆಯ ಗಾಜಿನ ಕೋಣೆಯೊಳಗೆ ಕೂರಿಸಿದಾಗಲೆಲ್ಲ ನಾನು ಹೊರಗೆ ನಿಂತು, ಕೈ ಎತ್ತು ಮಾರಾಯ್ತಿ, ಸದ್ದು ಕೇಳಿಸಿತು ಎಂದು ಕೈ ಎತ್ತು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಪುಣ್ಯಕ್ಕೆ ಕಿವಿ ಉಳಿಯಿತು.

ವಾರ್ಡಿನಲ್ಲಿ ಒಂದು ಮಧ್ಯಾಹ್ನ ಅವಳ ಕಾಲ ಬಳಿ ಕೂತು, "ತಪ್ಪಾಯ್ತು ಕಣೇ," ಎಂದೆ. ಅವಳು ಗೋಡೆ ನೋಡುತ್ತಲೇ ಕೇಳಿದಳು: "ನನ್ ಕಥೆ ಹಂಗಿರ್ಲಿ. ಆ ಬಾಟ್ಲಿಯಿಂದ ಇನ್ನ ಯಾರ್ಯಾರಿಗೆ ಹಾಕಿದ್ರಿ?"

ಈ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಯಾರೂ ಕೇಳದಿರಲಿ ಎಂದು ಮುಚ್ಚಿಟ್ಟುಕೊಂಡಿದ್ದೆ.

"ಮೂರು ಜನ."

"ಹೋಗಿ ಹೇಳ್ರಿ ಮತ್ತೆ. ಇಲ್ಲಿ ಕೂತ್ಕೊಂಡು ಅತ್ರೆ ಅವ್ರ ತೋಳು ವಾಸಿ ಆಗ್ತದಾ?"

ಮರುದಿನ ಬೆಳಿಗ್ಗೆ ಡೈರಿಗೆ ಹೋದೆ. ಹಾಲು ಹಾಕಲು ಸಾಲು ನಿಂತಿತ್ತು. ಮೂವರ ಮನೆಗೆ ಗುಟ್ಟಾಗಿ ಹೋಗಬಹುದಿತ್ತು. ಆದರೆ ನಾನು ಮರೆತವರು ಇನ್ನೊಬ್ಬರಿದ್ದರೆ? ಅದಕ್ಕೇ ಸಾಲಿನ ಮುಂದೆಯೇ ನಿಂತು ಎಲ್ಲ ಹೇಳಿದೆ. ಕ್ಯಾನಿನ ಸದ್ದು ನಿಂತಿತು. ಒಬ್ಬ, "ಥೂ ನಿನ್ನ, ದನಾನೂ ಒಂದೇ ಜನಾನೂ ಒಂದೇನಲಾ ನಿಂಗೆ?" ಎಂದು ಮುಖಕ್ಕೇ ಉಗಿದಂತೆ ಬೈದ. ಅವನ ಮಾತಿನಲ್ಲಿ ತಪ್ಪೇನಿತ್ತು? ಆ ಮೂವರಲ್ಲಿ ಇಬ್ಬರು ತೋಳು ತೋರಿಸಿದರು, ಏನೂ ಇರಲಿಲ್ಲ. ಕೊನೆಗೆ ನಮ್ಮ ಬೀದಿಯ ಮುನಿಯಮ್ಮಜ್ಜಿ ಕುಪ್ಪಸದ ತೋಳು ಮೇಲೆ ಸರಿಸಿತು. ಸಣ್ಣ ಗಂಟು, ಮೇಲೆ ಅರಿಶಿನದ ಪಟ್ಟು.

ಅದೇ ದಿನ ಅಜ್ಜಿಯನ್ನು ಬೆಂಗಳೂರಿಗೆ ಕರೆದೊಯ್ದೆ. ಬೇಗ ಸಿಕ್ಕಿದ್ದರಿಂದ ಆಪರೇಷನ್ ಬೇಕಾಗಲಿಲ್ಲ, ಮಾತ್ರೆಯಲ್ಲೇ ಇಳಿಯಿತು.

ಈಗ ರತ್ನನ ಗಾಯ ಮಾದಿದೆ. ಮತ್ತೆ ಬರಬಹುದು, ತೋರಿಸುತ್ತಿರಿ ಎಂದಿದ್ದಾರೆ. ಎಡಗೈಯಲ್ಲಿ ತುಂಬಿದ ಕೊಡ ಎತ್ತಲಾರಳು. ಕೆಂಪಿಯೂ ಚೇತರಿಸಿಕೊಂಡಿದೆ. ನಾನು ಮನುಷ್ಯರಿಗೆ ಸೂಜಿ ಮುಟ್ಟುವುದಿಲ್ಲ. ದನಗಳಿಗೂ ಡಾಕ್ಟರು ಬರಲಿ ಎನ್ನುತ್ತೇನೆ.

ಮೊನ್ನೆ ಮುನಿಯಮ್ಮಜ್ಜಿ ಹೊಲದ ಅವರೆಕಾಯಿಯನ್ನು ಚೀಲದ ತುಂಬ ಹೊತ್ತು ತಂದಿತು. "ನೀನು ಹೇಳ್ದಿದ್ರೆ ಈ ಕೈ ಕಳ್ಕೊಂಡ್ಬಿಡ್ತಿದ್ನಲ್ಲಪ್ಪ. ನೂರು ಕಾಲ ಚೆನ್ನಾಗಿರು," ಎಂದು ಚೀಲ ಚಾಚಿತು. ನನ್ನ ಕೈ ಮೇಲೇಳಲಿಲ್ಲ. ಆ ಕೈಗೆ ರೋಗ ಹಾಕಿದ್ದೂ ನಾನೇ ಅಲ್ಲವೇ ಅಜ್ಜಿ ಎಂದೆ.

ಬಾಗಿಲಲ್ಲಿ ನಿಂತಿದ್ದ ರತ್ನ ಗದರಿದಳು: "ಇಸ್ಕೊಳ್ರೀ. ಅವತ್ತು ಬೈಸ್ಕೊಂಡಂಗೇ ಇದನ್ನೂ ಇಸ್ಕೊಬೇಕು."

ಇಸಿದುಕೊಂಡೆ.