ಎಡ ಹಿಮ್ಮಡಿಯ ಗುರುತು

ಚಾಂದಸಾಬನ ಜೊತೆ ಕುಷ್ಟಗಿಯ ಸಂತೆಗೆ ಹೋಗುವುದು ತಲೆನೋವಿನ ಕೆಲಸವಾಗಿತ್ತು. ಅವನು ಜನರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಎದುರಿಗೆ ಬಂದವರು ನಮಸ್ಕಾರ ಅಂದರೆ, "ನಿಮ್ಮ ಬಲ ಮೊಣಕಾಲು ಒಳಗ ಬೀಳತೈತಿ, ನೋಡ್ಕೊಳ್ರಿ" ಎನ್ನುತ್ತಿದ್ದ. ಹೆಂಡತಿ ಬಾನುಬೀ ನೀರು ಹೊತ್ತು ಬಂದರೂ ಅದೇ ಮಾತು. "ಕೊಡ ಇಳಿಸಾಕ ಕೈ ಹಚ್ಚೂದು ಬಿಟ್ಟು ಸೊಂಟದ ಲೆಕ್ಕ ಹೇಳ್ತಾನ ಈ ಮನಿಷ್ಯಾ" ಎಂದು ಆಕೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಮೊನ್ನೆ ಅವನು ತೀರಿಕೊಂಡ ನಲವತ್ತನೆಯ ದಿನದ ಫಾತೇಹಾ ಮುಗಿದ ಮೇಲೆ ಅದೇ ಬಾನುಬೀ ಅವನ ಹಳೆಯ ನೋಟ್‌ಬುಕ್ಕನ್ನು ಗೆಳೆಯರ ಮುಂದೆ ತಂದಿಟ್ಟು, "ಇದರಾಗ ಬರೇ ಕಾಲ ಅದಾವು" ಅಂದಳು. ಈ ಸಲ ಬೈಯಲಿಲ್ಲ.

ತಳಕಲ್ಲಿನ ಹುಡುಗ ಚಾಂದಸಾಬ ಎಪ್ಪತ್ನಾಲ್ಕರಲ್ಲಿ ಕುಷ್ಟಗಿಯ ಹೈಸ್ಕೂಲಿಗೆ ಡ್ರಿಲ್ ಮಾಸ್ತರನಾಗಿ ಬಂದ. ಐದು ವರ್ಷ ಎಲ್ಲರಂತೆ ಸೀಟಿ ಊದಿಕೊಂಡಿದ್ದ. ಆಮೇಲೆ ಸರಕಾರದವರು ಒಂದು ತರಬೇತಿ ಶಿಬಿರಕ್ಕೆ ಕಳಿಸಿದರು. ಅವನು ಕೆಟ್ಟದ್ದು ಅಲ್ಲಿಯೇ ಎನ್ನುತ್ತಿದ್ದಳು ಬಾನುಬೀ. ಅಲ್ಲಿ ಯಾರೋ ತಜ್ಞರು ಭರ್ಚಿ ಎಸೆಯುವವನೊಬ್ಬನ ಮೊಣಕಾಲು, ಸೊಂಟ, ಭುಜ, ಮೊಣಕೈಗಳಿಗೆ ಬಿಳಿ ಚುಕ್ಕೆ ಹಚ್ಚಿ ತೆಗೆದ ಫಿಲ್ಮನ್ನು ನಿಧಾನಕ್ಕೆ ಓಡಿಸಿ ತೋರಿಸಿದ್ದರು. ಎಸೆಯುವುದು ಕೈಯಲ್ಲ. ಓಡಿ ಬಂದ ಮೈಯನ್ನು ಮುಂದಿಟ್ಟ ಎಡಗಾಲು ಗಕ್ಕನೆ ತಡೆಯುತ್ತದೆ. ತಡೆದ ವೇಗ ಸೊಂಟಕ್ಕೆ ಏರಿ, ಸೊಂಟದಿಂದ ಭುಜಕ್ಕೆ, ಭುಜದಿಂದ ಕೈಗೆ ಬಂದು ಭರ್ಚಿಯನ್ನು ಹಾರಿಸುತ್ತದೆ.

ಕುಷ್ಟಗಿಯಲ್ಲಿ ಫಿಲ್ಮೆಲ್ಲಿ? ಕ್ಯಾಮೆರಾ ಕೇಳಿದ್ದಕ್ಕೆ ಹೆಡ್‌ಮಾಸ್ತರ ವಿರುಪಣ್ಣನವರು, "ಚಾಂದಸಾಬ, ಕಬಡ್ಡಿ ಆಡಸ್ರಿ. ಸುಣ್ಣ ಒಂದಿದ್ರ ಸಾಕು" ಅಂದರು. ಚಾಂದಸಾಬ ಬೇರೆ ದಾರಿ ಹುಡುಕಿದ. ಶಾಲೆಯ ಹಿಂದಿನ ಕಪ್ಪು ಮಣ್ಣಿಗೆ ನೀರು ಹೊಡೆಸಿ, ಹದವಾಗಿ ಆರಿದ ಮೇಲೆ ಮಕ್ಕಳನ್ನು ಓಡಿಸಿ, ಹೆಜ್ಜೆಗುರುತಿನ ಆಳವನ್ನು ಬೆರಳಿನಿಂದ ಅಳೆದು ಬರೆದಿಡತೊಡಗಿದ. "ಎರಿ ಮಣ್ಣ ನನ್ನ ಫಿಲ್ಮು" ಎನ್ನುತ್ತಿದ್ದ. ಮೂರು ವರ್ಷದ ನೋಟ್‌ಬುಕ್ಕನ್ನು ಓದಿದವರು ಯಾರೂ ಇರಲಿಲ್ಲ.

ಎಂಬತ್ತೆರಡರಲ್ಲಿ ಮಾರೆವ್ವ ಸಿಕ್ಕಳು. ಹತ್ತನೆಯ ತರಗತಿ. ಊರಿಂದ ಎರಡು ಮೈಲಿ ದೂರದ ಹೊಲದಲ್ಲಿ ಜೋಳ ತೆನೆಗಟ್ಟಿದಾಗ ಅಟ್ಟಣಿಗೆ ಹತ್ತಿ ಕವಣೆಯಿಂದ ಹಕ್ಕಿ ಹೊಡೆಯುತ್ತಿದ್ದವಳು. ನಿಂತಲ್ಲಿಂದಲೇ ಭರ್ಚಿಯನ್ನು ಇಪ್ಪತ್ತಾರು ಮೀಟರ್ ಒಗೆದಳು. ಮೂವತ್ತು ದಾಟಿದರೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಮುಂದೆ ಕಾಲೇಜು. ಅವಳ ತಾಯಿ ಹಂಪವ್ವ ಅಂಗಳದಲ್ಲಿ ನಿಂತೇ ತೀರ್ಮಾನ ಹೇಳಿದ್ದಳು: "ಹಾಸ್ಟೆಲಿನ್ಯಾಗ ತಗೊಂಡ್ರ ಓದ್ಲಿ ಸರ. ಇಲ್ಲಂದ್ರ ಹತ್ತಕ್ಕ ಸಾಕು, ಹೊಲಕ್ಕ ಬರ್ಲಿ."

ನಾಲ್ಕು ಮೀಟರಿಗೆ ಓಟ ಕಲಿಸಿದರಾಯಿತು ಎಂದುಕೊಂಡ ಚಾಂದಸಾಬ. ಓಡಿ ಒಗೆದರೆ ಇಪ್ಪತ್ನಾಲ್ಕಕ್ಕೆ ಬಂತು! ಎಸೆಯುವಾಗ ದಾಟಬಾರದ ಗೆರೆ ಇನ್ನೂ ಎರಡು ಮಾರು ದೂರವಿರುವಾಗಲೇ ಅವಳ ಹೆಜ್ಜೆ ಸಣ್ಣಗಾಗಿ, ನಿಂತೇಬಿಡುತ್ತಿದ್ದಳು. ಎಡ ಹಿಮ್ಮಡಿಯ ಗುರುತಿನ ಆಳ ಅರ್ಧ ಬೆರಳು.

"ಯಾಕವ್ವ ತಾಯಿ, ಗೆರಿ ಹತ್ರ ಹಾವು ಮಲಗೈತೇನು?"

"ಇಲ್ರಿ ಸರ."

"ಮತ್ತ?"

"ಗೊತ್ತಿಲ್ರಿ. ಕಾಲ ತಾನ ನಿಲ್ಲತಾವ್ರಿ."

"ಕಾಲ ನಿನ್ನವೋ, ಮಂದಿ ಮನಿಯವೋ?"

ಅಟ್ಟಣಿಗೆಯಿಂದ ಬಿದ್ದೇನೆಂಬ ಭಯ ಹೊಲದಿಂದ ಶಾಲೆಗೂ ಬಂದಿದೆ ಎಂದು ಅವನ ಲೆಕ್ಕ. ಗೆರೆಯಾಚೆ ಹುಲ್ಲು ಹಾಸಿದ. ಓಟ ಶುರುವಾಗುವ ಜಾಗವನ್ನೇ ಮುಂದೆ ಸರಿಸಿದ. ಗೆರೆಯನ್ನೇ ಅಳಿಸಿದ. ಕೂಗಿ ಕೂಗಿ ಗಂಟಲು ಹೋಯಿತು. ಆರು ತಿಂಗಳು ಅದೇ ಅರ್ಧ ಬೆರಳು. ವಿರುಪಣ್ಣನವರು ದಾರಿಯಲ್ಲಿ ಸಿಕ್ಕಾಗಲೆಲ್ಲ, "ಕಬಡ್ಡಿಗೆ ಇನ್ನೂ ಹೊತ್ತು ಮೀರಿಲ್ಲ ನೋಡ್ರಿ" ಎನ್ನುತ್ತಿದ್ದರು.

ಜೋಳದ ಕಾಳು ಹಾಲು ತುಂಬಿಕೊಂಡಾಗ ಮಾರೆವ್ವ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಚಾಂದಸಾಬ ಸಿಟ್ಟಿನಿಂದಲೇ ಸೈಕಲ್ ತುಳಿದುಕೊಂಡು ಹೊಲಕ್ಕೆ ಹೋದ. ಅವಳು ಮೇಲಿಂದ ಕವಣೆ ಬೀಸುತ್ತಿದ್ದಳು. ಕಲ್ಲು ಜೋಳದ ಮೇಲೆ ಹಾದು ಆಚೆಯ ಬದುವಿನ ಬೇವಿನ ಮರಕ್ಕೆ ಬಡಿಯುತ್ತಿತ್ತು. ಬೈಯಲೆಂದು ಏಣಿ ಹತ್ತಿದವನು ಅರ್ಧದಲ್ಲೇ ನಿಂತ. ಅವನ ಕಣ್ಣಿಗೆ ಕಂಡದ್ದು, ಎಂದಿನಂತೆ, ಅವಳ ಪಾದ. ಅಟ್ಟಣಿಗೆಯ ಅಂಚಿಗೆ ಒಂದು ಅಡ್ಡಗಟ್ಟಿಗೆ ಬಿಗಿದಿದ್ದರು. ಬೀಸುವಾಗೆಲ್ಲ ಎಡಗಾಲು ಹೋಗಿ ಆ ಕಟ್ಟಿಗೆಗೆ ಒದೆಯುತ್ತಿತ್ತು. ಒದ್ದ ಜಾಗ ಸವೆದು ಹೊಳೆಯುತ್ತಿತ್ತು.

"ಮಾರೆವ್ವ, ಆ ಕಟಗಿಗೆ ಕಾಲು ಹಚ್ಚದ ಒಂದು ಒಗಿ."

ಒಗೆದಳು. ಕಲ್ಲು ನಡು ಹೊಲದಲ್ಲೇ ಬಿತ್ತು.

ಚಾಂದಸಾಬ ಏಣಿಯ ಮೇಲೆ ನಿಂತೇ ಹಣೆ ಹಣೆ ಬಡಿದುಕೊಂಡ. "ಶಿಬಿರದಾಗ ಹೇಳಿದ್ದು ಇದನ್ನ! ಆರು ತಿಂಗಳು ನಿನಗ ಅಂಜಬುರಕಿ ಅಂದ್ನಲ್ಲ, ನನ್ನ ಬುದ್ಧಿಗಿಷ್ಟು..."

"ಸರ, ಬೀಳ್ತೀರಿ, ಏಣಿ ಹಿಡ್ಕೋರಿ!"

ಅವಳು ಅಂಜಿದ್ದಲ್ಲ. ಅವಳ ಕಾಲು ಒದೆಯಲು ಕಟ್ಟಿಗೆ ಹುಡುಕುತ್ತಿತ್ತು. ಬಯಲಿನಲ್ಲಿ ಅದು ಎಲ್ಲಿದೆಯೆಂದು ತಿಳಿಯದೆ ನಿಲ್ಲುತ್ತಿತ್ತು. ಮರುದಿನ ಅವನು ಗೆರೆಗಿಂತ ಒಂದು ಮಾರು ಹಿಂದೆ, ಓಟದ ದಾರಿಯ ಪಕ್ಕಕ್ಕೆ, ತನ್ನ ಟೋಪಿ ಇಟ್ಟ. "ಟೊಪಿಗಿ ಇದ್ದಲ್ಲಿ ಅಡ್ಡಗಟಗಿ ಐತಿ ಅಂತ ತಿಳ್ಕೊ. ಹೋಗಿ ಒದಿ." ತಿಂಗಳೊಳಗೆ ಇಪ್ಪತ್ತೊಂಬತ್ತಾಯಿತು.

ಹಾಸ್ಟೆಲಿಗೆ ಆರಿಸುವ ಕ್ರೀಡಾಕೂಟ ಆ ವರ್ಷ ಗಂಗಾವತಿಯಲ್ಲಿತ್ತು. ಮೂರೇ ಅವಕಾಶ. ಮೊದಲ ಎಸೆತಕ್ಕೆ ಮುನ್ನವೇ ನಿರ್ಣಾಯಕರೊಬ್ಬರು ಟೋಪಿಯನ್ನು ಬೂಟಿನಿಂದ ಆಚೆ ತಳ್ಳಿದರು. ಆ ಎಸೆತ ಇಪ್ಪತ್ತೈದಕ್ಕೇ ಬಿತ್ತು. ದಾರಿಯ ಪಕ್ಕದಲ್ಲಿ ಗುರುತು ಇಡಬಹುದೆಂದು ನಿಯಮದ ಪುಸ್ತಕದಲ್ಲೇ ಇದೆ ಎಂದು ಚಾಂದಸಾಬ ಪುಟ ತೆರೆದು ಹಿಡಿದ.

"ಪುಸ್ತಕ ನಿಮ್ಮ ಸಾಲ್ಯಾಗ ಓದ್ರಿ. ಹಗ್ಗದ ಆಚೆ ನಡೀರಿ."

"ಒಂದ ಸಾಲು ಓದ್ರಿ ಸಾಹೇಬ್ರ, ಒಂದ!"

ಓದಲಿಲ್ಲ. ತೋಳು ಹಿಡಿದು ಹಗ್ಗದಾಚೆ ಕಳಿಸಿದರು. ಎರಡನೆಯದು ಇಪ್ಪತ್ತಾರು. ಹಗ್ಗ ಹಿಡಿದು ನಿಂತ ಚಾಂದಸಾಬನಿಗೆ ಹಂಪವ್ವನ ಅಂಗಳ ಕಣ್ಣ ಮುಂದೆ ಬಂದಿರಬೇಕು.

ಮೂರನೆಯದಕ್ಕೆ ಮಾರೆವ್ವ ಭರ್ಚಿ ಕೆಳಗಿಟ್ಟು, ಗೆರೆಯ ಕಡೆ ನಡೆದು, ಓಟದ ದಾರಿಯ ಅಂಚಿನಲ್ಲಿ ಹಿಮ್ಮಡಿಯಿಂದ ಜೋರಾಗಿ ತುಳಿದಳು. ನೀರು ಹೊಡೆದ ಮಣ್ಣಿನಲ್ಲಿ ಕುಳಿ ಬಿತ್ತು. ತಿರುಗಿ ಹಗ್ಗದ ಕಡೆ ನೋಡಿದಳು.

"ಒಂದು ಗೇಣು ಹಿಂದ!" ಎಂದು ಚಾಂದಸಾಬ ಚೀರಿದ.

"ಏ ಮಾಸ್ತರ!" ಎಂದರು ನಿರ್ಣಾಯಕರು.

ಅವಳು ಒಂದು ಗೇಣು ಹಿಂದೆ ಮತ್ತೆ ತುಳಿದು, ವಾಪಸು ಬಂದು, ಭರ್ಚಿ ಎತ್ತಿ ಓಡಿದಳು. ಈ ಸಲ ಹೆಜ್ಜೆ ಸಣ್ಣಗಾಗಲಿಲ್ಲ. ಹಿಮ್ಮಡಿ ನೆಲಕ್ಕೆ ಬಡಿದ ಸದ್ದು ಹಗ್ಗದವರೆಗೆ ಕೇಳಿತು.

ಎಲ್ಲರೂ ಭರ್ಚಿ ಬಿದ್ದ ಕಡೆ ನೋಡುತ್ತಿದ್ದರೆ ಚಾಂದಸಾಬ ಹಗ್ಗದ ಕೆಳಗೆ ನುಸುಳಿ ಓಟದ ದಾರಿಗೆ ನುಗ್ಗಿದ. ಮುಂದಿನ ಹುಡುಗಿ ಆಗಲೇ ತಯಾರಾಗಿದ್ದಳು. "ತಡೀರಿ! ಯಾರೂ ತುಳೀಬ್ಯಾಡ್ರಿ!" ಎನ್ನುತ್ತ ಮಣ್ಣಿನಲ್ಲಿ ಮೊಣಕಾಲೂರಿ ಗುರುತಿಗೆ ಬೆರಳಿಟ್ಟ.

"ಸರ, ಎಷ್ಟಾತ್ರಿ?" ಎಂದು ಮಾರೆವ್ವ ಏದುಸಿರು ಬಿಡುತ್ತ ಕೇಳಿದಳು.

"ಎರಡು ಬೆರಳು!"

"ಅದಲ್ರಿ ಸರ, ಭರ್ಚಿ!"

"ಅದನ್ನ ಅವರು ಹೇಳ್ತಾರ, ನಿಲ್ಲು. ತಲಿ ತಿನಬ್ಯಾಡ."

ಅವರು ಹೇಳಿದರು: ಮೂವತ್ತು ಮೀಟರ್ ಹನ್ನೊಂದು ಸೆಂಟಿಮೀಟರ್. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಹಂಪವ್ವ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಅದಾಗಿ ಆರು ವರ್ಷ. ಫಾತೇಹಾದ ದಿನ ಮಾರೆವ್ವ ಯಲಬುರ್ಗಾದಿಂದ ಬಂದಿದ್ದಳು. ಅಲ್ಲಿಯ ಶಾಲೆಯಲ್ಲಿ ಈಗ ಅವಳೂ ಸೀಟಿ ಊದುತ್ತಾಳೆ. ಬಾನುಬೀ ಇಟ್ಟ ನೋಟ್‌ಬುಕ್ಕನ್ನು ತಿರುವಿ ಗಂಗಾವತಿಯ ಆ ದಿನದ ಪುಟ ಹುಡುಕಿದಳು. ತಾರೀಖು ಇತ್ತು. ಮಣ್ಣಿನ ಹದ ಇತ್ತು. 'ಎಡ ಹಿಮ್ಮಡಿ, ಎರಡು ಬೆರಳು' ಎಂದಿತ್ತು, ಕೆಳಗೆ ಎರಡು ಸಲ ಗೆರೆ ಎಳೆದಿದ್ದ. ಭರ್ಚಿ ಎಷ್ಟು ದೂರ ಹೋಯಿತೆಂದು ಎಲ್ಲಿಯೂ ಇರಲಿಲ್ಲ. ಅವಳು ಪುಟ ಹಿಂದೆ ಮುಂದೆ ಮಾಡಿ ನೋಡಿದಳು.

"ಬರದಾ ಇಲ್ಲ ನೋಡ್ರಿ ನಮ್ಮ ಸರ" ಅಂದಳು, ಅವನದೇ ಬೇಸರದ ದನಿಯಲ್ಲಿ. ಆಮೇಲೆ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಆ ಎರಡು ಗೆರೆಗಳ ಮೇಲೆ ಬೆರಳಾಡಿಸಿದಳು.